ಜೀರ್ಣೋದ್ಧಾರ: ಉದ್ಧಾರವಾಗುವುದು ಯಾವುದು?

ಹಳೆಯ ಗುಡಿ ಗೋಪುರಗಳನ್ನು ಸರಿಪಡಿಸುವ ಕೆಲಸವನ್ನು ನಮ್ಮ ಹಿರಿಯರು ‘ಜೀರ್ಣೋದ್ಧಾರ’ ಎಂದು ಕರೆದರು. ಜೀರ್ಣವಾದುದನ್ನು ಮೇಲೆತ್ತುವುದೆಂದು ಅದರ ಅರ್ಥ, ಕೆಡವುವುದೆಂದಲ್ಲ. ದೇವಸ್ಥಾನವಾಗಲಿ, ಇಗರ್ಜಿಯಾಗಲಿ, ಮಸೀದಿಯಾಗಲಿ, ಇಂದು ನಡೆಯುವ ಕೆಲಸ ಈ ಅರ್ಥಕ್ಕೆ ತಕ್ಕುದಾಗಿದೆಯೇ ಎಂದು ವಿದ್ಯಾರ್ಥಿಗಳಾದ ನಾವು ವಿಚಾರ ಮಾಡಬೇಕಾಗಿದೆ.

ಒಟ್ಟೋಮನ್ ತುರ್ಕರ ಪಟ್ಟಣಗಳಲ್ಲಿ ಕೇರಿಯ ಬಾಳೆಲ್ಲ ಅಲ್ಲಿಯ ಮಸೀದಿಯ ಸುತ್ತ ಬೆಳೆಯುತ್ತಿತ್ತು. ಕೇರಿಗೆ ಅವರು ‘ಮಹಲ್ಲೆ’ ಎನ್ನುತ್ತಿದ್ದರು. ನಮ್ಮ ‘ಮೊಹಲ್ಲಾ’ ಕೂಡ ಅದೇ ಅರಬ್ಬೀ ಮೂಲದ ಮಾತು. ಬೋಸ್ನಿಯಾ ದೇಶದ ಬಾನ್ಯಾ ಲೂಕಾ ಪಟ್ಟಣದಲ್ಲಿ 1579ರಲ್ಲಿ ಕಟ್ಟಿದ ಫರ್ಹಾದಿಯಾ ಮಸೀದಿಯನ್ನು 1993ರ ಮೇ 7ರಂದು, ಯುದ್ಧಕಾಲದಲ್ಲಿ, ಸಿಡಿಮದ್ದಿಟ್ಟು ಉರುಳಿಸಿದರು. ಅದರ ಕಲ್ಲುಗಳನ್ನು ಕಸದ ರಾಶಿಗೆ ಎಸೆದರು. ಮುಂದೆ ಆ ಕಲ್ಲುಗಳನ್ನೇ ಹೆಕ್ಕಿ ತಂದು, ಸಾಧ್ಯವಾದಷ್ಟನ್ನು ಹಳೆಯ ಸ್ಥಾನದಲ್ಲಿಯೇ ಕೂಡಿಸಿ ಮಸೀದಿಯನ್ನು ಮರಳಿ ಕಟ್ಟಲಾಯಿತು. 2016ರ ಮೇ 7ರಂದು ಅದರ ಬಾಗಿಲು ತೆರೆಯಿತು. ದ್ವೇಷದಿಂದ ಕೆಡವಿದ್ದನ್ನು ಅಲ್ಲಿ ಹೀಗೆ ಉಳಿಸಿಕೊಂಡರು. ನಾವೋ, ಭಕ್ತಿಯಿಂದಲೇ ಕೆಡವುತ್ತೇವೆ!

ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ಕ್ರಿ.ಶ. 644ರಲ್ಲಿ ಸ್ಥಾಪಿತವಾಯಿತೆಂದು ಐತಿಹ್ಯವಿದೆ. ಟಿಪ್ಪು ಸುಲ್ತಾನನು ಅದನ್ನು ನವೀಕರಿಸಿ ಮಗಳ ಹೆಸರಿಟ್ಟನೆಂದೂ ಹೇಳುತ್ತಾರೆ. ಅದರೊಳಗಿನ ಸಾಗುವಾನಿ ಕಂಬಗಳ ಕೆತ್ತನೆಯನ್ನು ಇಂದಿಗೂ ಕಾಣಬಹುದು. ಕಾಸರಗೋಡಿನ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯೂ 1809ರಲ್ಲಿ ನವೀಕರಣಗೊಂಡಿತು. ಈ ಕರಾವಳಿಯ ಹಳೆಯ ಮಸೀದಿಗಳ ಇಳಿಜಾರು ಮಾಡನ್ನೂ 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡನ್ನೂ ಜತೆಗಿಟ್ಟು ನೋಡಿರಿ. ಮತ ಬೇರೆಯಾದರೂ ಮಳೆ ಒಂದೇ. ಮರಗೆಲಸದ ಜಾಣ್ಮೆಯೂ ನೆರೆಹೊರೆಯದು.

ಮಾಡು ಸೋರುತ್ತದೆ, ಗೆದ್ದಲು ಹಿಡಿದಿದೆ, ಜನ ಹೆಚ್ಚಿದ್ದಾರೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರಾರ್ಥಿಸುವವರಿಗೆ ಸ್ಥಳ ಬೇಕು. ಹೊಸ ಸಾಮಗ್ರಿಯೂ ಶತ್ರುವಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗ ಆ ಹಂಚು ಕೂಡ ಹೊಸತೇ ಆಗಿತ್ತು. ಆದರೆ ಕಾಂಕ್ರೀಟು ಬರಬೇಕಾದರೆ ಹಳೆಯ ಕಂಬ, ದಾರಂದಗಳು ಸೌದೆಯಾಗಲೇಬೇಕೇ?

ಅರಂತೋಡಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಜ್ಜನ ಕಾಲವನ್ನು ತಿಳಿಸುವ ಒಂದು ಚೀಟಿಯೂ ನಮ್ಮಲ್ಲಿಲ್ಲ. ಇತಿಹಾಸದ ತರಗತಿಯಲ್ಲಿ ಶಾಸನ, ತಾಮ್ರಪಟಗಳ ಮಾತು ಬಂದಾಗಲೆಲ್ಲ, ಬರೆದಿಡಲು ಬಾರದವರ ಚರಿತ್ರೆ ಎಲ್ಲಿದೆಯೆಂದು ನನ್ನ ಮನಸ್ಸು ಕೇಳುತ್ತದೆ. ಅವರು ಕೆತ್ತಿದ ಕಂಬದಲ್ಲಿದೆ, ಜೋಡಿಸಿದ ಪಕ್ಕಾಸಿನಲ್ಲಿದೆ. ಅದು ಹೋದರೆ ಅವರು ಬದುಕಿದ್ದರೆಂಬುದಕ್ಕೆ ಬೇರೆ ಸಾಕ್ಷಿಯಿಲ್ಲ.

ಸ್ಮಾರಕಗಳ ಕಾನೂನು ಪಟ್ಟಿಗೆ ಸೇರಿದ ಕಟ್ಟಡಗಳನ್ನು ಕಾಯುತ್ತದೆ. ಊರ ಮಸೀದಿಯನ್ನೂ ಊರ ಗುಡಿಯನ್ನೂ ಊರವರೇ ಕಾಯಬೇಕು. ಆದುದರಿಂದ ನನ್ನ ಸೂಚನೆ ಇಷ್ಟೇ: ಯಾವ ಊರಿನಲ್ಲಿ ಜೀರ್ಣೋದ್ಧಾರ ನಿಶ್ಚಯವಾದರೂ, ಮೊದಲ ಹಂಚು ಇಳಿಸುವ ಮುನ್ನ, ಅಲ್ಲಿಯ ಹಿರಿಯರ ಒಪ್ಪಿಗೆ ಪಡೆದು, ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಅಳತೆ ತೆಗೆಯಲಿ, ಚಿತ್ರ ಹಿಡಿಯಲಿ, ವೃದ್ಧರ ಮಾತನ್ನು ಬರೆದುಕೊಳ್ಳಲಿ. ಒಂದು ಪ್ರತಿ ಆ ಊರಿನಲ್ಲಿಯೂ ಒಂದು ಪ್ರತಿ ನಮ್ಮ ಗ್ರಂಥಾಲಯದಲ್ಲಿಯೂ ಇರಲಿ. ಗಟ್ಟಿಯಾಗಿರುವ ಮರವನ್ನು ಹೊಸ ಕಟ್ಟಡದಲ್ಲಿಯೇ ಬಳಸಿರೆಂದು ನಾವು ವಿನಯದಿಂದ ಕೇಳೋಣ. ಅಧ್ಯಾಪಕರು ದಾರಿ ತೋರಿದರೆ ಬರುವ ರಜೆಯಲ್ಲಿಯೇ ಆರಂಭಿಸಬಹುದು. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು.