‘ಅಕ್ರಮ’ ಹುಟ್ಟುವುದು ಎಲ್ಲಿ?

ಬಹರೈನಿನಲ್ಲಿ ದಾಖಲೆಯಿಲ್ಲದೆ ದುಡಿಯುವವರ ಮಾತು ಬಂದಾಗಲೆಲ್ಲ ಅನಿವಾಸಿ ಕನ್ನಡಿಗರ ಕೂಟಗಳಲ್ಲಿ ಕೇಳಿಬರುವ ಪದ ಒಂದೇ: ‘ಅಕ್ರಮ’. ಕಳ್ಳದಾರಿಯಲ್ಲಿ ನುಸುಳಿ ಬಂದವರೆಂಬ ಧ್ವನಿ ಅದಕ್ಕಿದೆ. ಆದರೆ ಕರಾವಳಿಯಿಂದ ಹೋದ ನಮ್ಮವರು ವಿಮಾನದಲ್ಲಿ ಬಂದವರು; ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡೇ ಒಳಗೆ ಕಾಲಿಟ್ಟವರು. ಅವರನ್ನು ಅಕ್ರಮಗೊಳಿಸಿದ್ದು ಆಮೇಲೆ, ಕಾನೂನು.

ಕಫಾಲಾ ಪದ್ಧತಿ ವಲಸಿಗನ ವಾಸದ ಹಕ್ಕನ್ನು ಒಬ್ಬ ಪ್ರಾಯೋಜಕನ ಕೈಗೆ ಕೊಡುತ್ತದೆ. ಸಂಬಳ ಸಿಗದೆ ಕೆಲಸ ಬಿಟ್ಟವನ ಮೇಲೆ ಮಾಲೀಕ ‘ಪರಾರಿ’ ಎಂದು ದೂರಿತ್ತರೆ ಸಾಕು, ಬಾಕಿ ಕೇಳಬೇಕಾದವನೇ ಅಪರಾಧಿಯಾಗುತ್ತಾನೆ. ಇನ್ನು ಜನರ ಬಾಯಲ್ಲಿರುವ ‘ಫ್ರೀ ವೀಸಾ’ ಪುಕ್ಕಟೆಯೂ ಅಲ್ಲ, ಸ್ವತಂತ್ರವೂ ಅಲ್ಲ. ಕೆಲಸವೇ ಇಲ್ಲದ ಕಡೆಯ ವೀಸಾವನ್ನು ಸಾಲ ಮಾಡಿ ಕೊಂಡವನು ಬೇರೆಡೆ ದುಡಿಯಲೇಬೇಕು. ದುಡಿದ ಮೊದಲ ದಿನವೇ ಅವನು ಕಾನೂನುಬಾಹಿರ.

ಸುಧಾರಣೆಗಳು ನಡೆದಿಲ್ಲವೆಂದಲ್ಲ. 2009ರಲ್ಲಿ ಅಂದಿನ ಕಾರ್ಮಿಕ ಸಚಿವ ಮಜೀದ್ ಅಲ್ ಅಲವಿ ಕಫಾಲಾವನ್ನು ಗುಲಾಮಗಿರಿಗೆ ಹೋಲಿಸಿದರು. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶವೂ ಬಂತು, ಮನೆಗೆಲಸದವರನ್ನು ಹೊರಗಿಟ್ಟು. 2011ರಲ್ಲಿ ಅದಕ್ಕೆ ಒಂದು ವರ್ಷ ಕಾಯಬೇಕೆಂಬ ಷರತ್ತು ಸೇರಿತು. 2017ರ ‘ಫ್ಲೆಕ್ಸಿ’ ಪರವಾನಗಿ ಕಾರ್ಮಿಕನನ್ನು ತನಗೆ ತಾನೇ ಪ್ರಾಯೋಜಕನನ್ನಾಗಿಸಿತು. ತಿಂಗಳಿಗೆ 30 ದಿನಾರ್ ಶುಲ್ಕವನ್ನೂ ಅವನ ತಲೆಗೇ ಕಟ್ಟಿತು. 2022ರಲ್ಲಿ ಅದೂ ರದ್ದಾಗಿ, ಮತ್ತೊಂದು ನೋಂದಣಿ ವ್ಯವಸ್ಥೆ ಬಂತು.

ಜಾಗತೀಕರಣವು ಗಡಿಗಳನ್ನು ಅಳಿಸಿತೆನ್ನುವವರು 2006ನೇ ಇಸವಿಯನ್ನು ನೆನೆಯಲಿ. ಆ ವರ್ಷ ಜಾರಿಗೆ ಬಂದ ಅಮೆರಿಕ–ಬಹರೈನ್ ಮುಕ್ತ ವ್ಯಾಪಾರ ಒಪ್ಪಂದ ಸರಕುಗಳಿಗೆ ಸುಂಕದ ಬಾಗಿಲು ತೆರೆಯಿತು. ಅಮೆರಿಕಕ್ಕೆ ಹೊರಟ ಅಂಗಿಗೆ ಮುಕ್ತ ದಾರಿ. ಅದನ್ನು ಹೊಲಿದ ದಕ್ಷಿಣ ಏಷ್ಯಾದ ಕೈಗೆ ಪ್ರಾಯೋಜಕನ ಹಗ್ಗ. ಇದು ಜಾಗತೀಕರಣದ ಲೋಪವಲ್ಲ, ಲಾಭದ ಲೆಕ್ಕ. ಕದಲಲಾಗದ ದುಡಿಮೆ ಅಗ್ಗವಾಗಿರುತ್ತದೆ; ಗಡೀಪಾರಿನ ಭಯದಲ್ಲಿರುವ ದುಡಿಮೆ ಇನ್ನೂ ಅಗ್ಗ.

‘ಗೊತ್ತಿದ್ದೂ ಬಂದರಲ್ಲ?’ ಎಂಬ ಪ್ರಶ್ನೆ ಸದಾ ಸಿದ್ಧವಾಗಿರುತ್ತದೆ. ಗೊತ್ತಿದ್ದು ಮಾರಿದವರನ್ನು ಏಕೆ ಕೇಳುವುದಿಲ್ಲ? ಭಾರತದ 1983ರ ವಲಸೆ ಕಾಯ್ದೆ ನೇಮಕಾತಿ ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ವೀಸಾ ಕೈಬದಲಾಗುವುದು ಎಷ್ಟೋ ಸಲ ಕಚೇರಿಯಲ್ಲಲ್ಲ. ನೆಂಟರ, ಊರಿನವರ ಪರಿಚಯದಲ್ಲಿ. ಆ ವ್ಯಾಪಾರದಲ್ಲಿ ಗಳಿಸಿದವರಿಗೆ ಸಭೆಗಳಲ್ಲಿ ಶಾಲು ಹೊದಿಸಿ, ಕೊಂಡು ಕೆಟ್ಟವನನ್ನು ‘ಅಕ್ರಮ’ ಎನ್ನುವುದು ಯಾವ ನ್ಯಾಯ?

ಕಾಲಕಾಲಕ್ಕೆ ಘೋಷಿಸುವ ಕ್ಷಮಾದಾನ ಇದಕ್ಕೆ ಮದ್ದಲ್ಲ. ಕ್ಷಮೆ ತಪ್ಪಿತಸ್ಥನಿಗೆ, ಇಲ್ಲಿ ಸಲ್ಲಬೇಕಾದದ್ದು ಬಾಕಿ ಸಂಬಳ. ವಾಸದ ಹಕ್ಕು ಮಾಲೀಕನ ಮರ್ಜಿಯಿಂದ ಬಿಡುಗಡೆಯಾಗಲಿ. ನೇಮಕಾತಿಯ ಖರ್ಚು ದುಡಿಸಿಕೊಳ್ಳುವವನ ಮೇಲೆ ಬೀಳಲಿ. ಬಾಕಿ ಇತ್ಯರ್ಥವಾಗದೆ ಯಾರನ್ನೂ ಗಡೀಪಾರು ಮಾಡದಿರಲಿ. ಅನಿವಾಸಿ ಕನ್ನಡ ಸಂಘಟನೆಗಳು ರಾಯಭಾರಿಗಳನ್ನೂ ಸಚಿವರನ್ನೂ ವೇದಿಕೆಗೆ ಕರೆಯುತ್ತಲೇ ಇರುತ್ತವೆ. ಹಾರ ಹಾಕುವ ಮೊದಲು ಈ ಮೂರು ಬೇಡಿಕೆಗಳನ್ನು ಅವರ ಮುಂದಿಡಲಿ.