ಕಾರ್ಡಿನ ಸಾಲಮಿತಿ ಕುಗ್ಗಿದಾಗ

ಹಾವೇರಿಯ ಶಿಕ್ಷಕರಿರಲಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿರಲಿ, ಬ್ಯಾಡಗಿಯ ದಲಾಲಿ ಅಂಗಡಿಯ ಗುಮಾಸ್ತರಿರಲಿ, ಇಂದು ಅನೇಕರ ಕಿಸೆಯಲ್ಲಿ ಕ್ರೆಡಿಟ್ ಕಾರ್ಡು ಇದೆ. ಒಂದು ದಿನ ಬ್ಯಾಂಕಿನಿಂದ ಎರಡು ಸಾಲಿನ ಸಂದೇಶ ಬರುತ್ತದೆ: ಒಂದು ಲಕ್ಷ ರೂಪಾಯಿಯಿದ್ದ ಸಾಲದ ಮಿತಿಯನ್ನು ನಲವತ್ತು ಸಾವಿರಕ್ಕೆ ಇಳಿಸಲಾಗಿದೆ. ಮಗಳ ಕಾಲೇಜು ಶುಲ್ಕಕ್ಕೋ ಆಸ್ಪತ್ರೆಯ ಬಿಲ್ಲಿಗೋ ಕಾರ್ಡನ್ನೇ ನೆಚ್ಚಿದ್ದ ಮನೆಗೆ ಇದು ಸಣ್ಣ ಆಘಾತವಲ್ಲ. ಹಣದ ಅಭಾವಕ್ಕಿಂತ ಹೆಚ್ಚಾಗಿ ಕಾಡುವುದು ಅವಮಾನ. ತಾನೇನು ತಪ್ಪು ಮಾಡಿದೆನೆಂದು ಕೊರಗುತ್ತಾ, ಸಂಗತಿಯನ್ನು ಮಡದಿ ಮಕ್ಕಳಿಂದಲೂ ಮುಚ್ಚಿಡುವವರುಂಟು. ಆದುದರಿಂದ ಈ ಕಡಿತದ ಸ್ವರೂಪವನ್ನು ಅರಿಯುವುದು ಅವಶ್ಯ.

ತಪ್ಪು ಯಾವಾಗಲೂ ಕಾರ್ಡುದಾರರದೇ ಆಗಿರುವುದಿಲ್ಲ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಕ್ರೆಡಿಟ್ ಕಾರ್ಡ್ ಬಾಕಿಗಳಿಗೆ ಬ್ಯಾಂಕುಗಳು ಲೆಕ್ಕಹಿಡಿಯಬೇಕಾದ ಅಪಾಯದ ಪ್ರಮಾಣವನ್ನು ಶೇಕಡಾ 125ರಿಂದ 150ಕ್ಕೆ ಏರಿಸಿತು. ಅಂದರೆ ಅಂತಹ ಪ್ರತಿ ಸಾಲಕ್ಕೂ ಬ್ಯಾಂಕು ತನ್ನ ಸ್ವಂತ ಬಂಡವಾಳವನ್ನು ಮೊದಲಿಗಿಂತ ಹೆಚ್ಚಾಗಿ ತೆಗೆದಿರಿಸಬೇಕಾಯಿತು. ಹಾಗಾದಾಗ ಬ್ಯಾಂಕುಗಳು ಕೈ ಬಿಗಿಹಿಡಿಯುವುದು ಸಹಜ. ಇನ್ನು ಕಂತು ತಡವಾಗುವುದು, ಮಿತಿಯ ಬಹುಪಾಲನ್ನು ಸದಾ ಬಳಸುವುದು, ಒಂದರ ಮೇಲೊಂದು ಸಾಲ ಮಾಡುವುದು, ಕಾರ್ಡನ್ನು ಬಹುಕಾಲ ಮುಟ್ಟದಿರುವುದು, ಇವೂ ಕಾರಣಗಳೇ.

ಬಿಡಿ ಕುಟುಂಬಗಳ ಮಾತಿರಲಿ, ಇಡೀ ಕರ್ನಾಟಕವೇ ಇಂತಹ ಕಡಿತವನ್ನು ಅನುಭವಿಸಿದೆ. ರೈತರ ಅಲ್ಪಾವಧಿ ಬೆಳೆ ಸಾಲಕ್ಕಾಗಿ ನಬಾರ್ಡ್ ರಿಯಾಯಿತಿ ಬಡ್ಡಿಯಲ್ಲಿ ನೀಡುವ ಹಣದ ಮಿತಿ 2023-24ರಲ್ಲಿ 5,600 ಕೋಟಿ ರೂಪಾಯಿಯಿತ್ತು. 2024-25ಕ್ಕೆ ಅದು 2,340 ಕೋಟಿಗೆ, ಅಂದರೆ ಶೇಕಡಾ 58ರಷ್ಟು ಇಳಿಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ನವೆಂಬರಿನಲ್ಲಿ ದೆಹಲಿಗೆ ತೆರಳಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಮನವಿ ಸಲ್ಲಿಸಬೇಕಾಯಿತು. ಇದರಿಂದ ತಿಳಿಯುವುದಿಷ್ಟೆ: ಸಾಲದ ಮಿತಿ ನಮ್ಮ ಆದಾಯವೂ ಅಲ್ಲ, ಆಸ್ತಿಯೂ ಅಲ್ಲ. ಅದು ಬೇರೆಯವರು ಕೊಟ್ಟ ಅನುಮತಿ. ಕೊಟ್ಟವರು ತಮ್ಮ ಪರಿಸ್ಥಿತಿಗೆ ತಕ್ಕಂತೆ ಹಿಂತೆಗೆಯಬಲ್ಲರು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ; ನಮ್ಮ ಬಹುಜನರ ಗಳಿಕೆಯಾದರೋ ಸುಗ್ಗಿಯನ್ನೂ ಪೇಟೆಯ ಧಾರಣೆಯನ್ನೂ ಅವಲಂಬಿಸಿದೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದಾಗ ಆಕ್ರೋಶವು ವಾಹನಗಳಿಗೂ ಕಚೇರಿಗೂ ಬೆಂಕಿ ಹಚ್ಚುವವರೆಗೆ ಹೋದುದನ್ನು ಮರೆಯುವಂತಿಲ್ಲ. ಬೆಲೆ ಬಿದ್ದ ತಿಂಗಳಿನಲ್ಲಿಯೇ ಮಿತಿಯೂ ಕುಗ್ಗಿದರೆ ಕುಟುಂಬಕ್ಕೆ ಎರಡು ಕಡೆಯಿಂದ ಪೆಟ್ಟು.

ಆಗ ಹಲವರು ಮತ್ತೊಂದು ಸಾಲದ ಬಾಗಿಲು ತಟ್ಟುತ್ತಾರೆ. ಅಪಾಯವಿರುವುದು ಇಲ್ಲಿಯೇ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನೇ ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ಮರುತಿಂಗಳೇ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಆದರೆ ಕಾನೂನು ಕಿರುಕುಳವನ್ನು ತಡೆಯಬಹುದೇ ಹೊರತು, ಸಾಲವನ್ನು ತೀರಿಸಲಾರದು.

ಹಾಗಾದರೆ ಮಾಡಬೇಕಾದುದೇನು? ಮೊದಲು, ಕಡಿತಕ್ಕೆ ಕಾರಣವನ್ನು ಬ್ಯಾಂಕಿನಿಂದ ಲಿಖಿತವಾಗಿ ಕೇಳಬೇಕು. ಮಿತಿಯನ್ನು ಇಳಿಸಿದರೆ ಕಾರ್ಡುದಾರರಿಗೆ ತಿಳಿಸಲೇಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳಿದೆ. ತಿಳಿಸದಿದ್ದರೆ ದೂರು ನೀಡಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರಬಹುದು.

ಎರಡನೆಯದಾಗಿ, ತಮ್ಮ ಸಾಲದ ವರದಿಯನ್ನು ತರಿಸಿ ನೋಡಬೇಕು. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿಸಿದ ಸಾಲ ಬಾಕಿಯೆಂದು ನಮೂದಾಗಿದ್ದರೆ ಅದನ್ನು ತಿದ್ದಿಸಬೇಕು.

ಮೂರನೆಯದು ಬಾಕಿಯ ಲೆಕ್ಕ. ಲಕ್ಷದ ಮಿತಿಯಲ್ಲಿ ಮೂವತ್ತು ಸಾವಿರ ಬಾಕಿಯಿದ್ದರೆ ಬಳಕೆ ಶೇಕಡಾ 30. ಮಿತಿ ನಲವತ್ತು ಸಾವಿರಕ್ಕಿಳಿದರೆ ಅದೇ ಬಾಕಿ ಶೇಕಡಾ 75 ಆಗುತ್ತದೆ. ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡದೆ ನಮ್ಮ ಅಂಕ ಕುಸಿಯಬಹುದು. ಆದ್ದರಿಂದ ಹೊಸ ಕಾರ್ಡಿಗೆ ಅರ್ಜಿ ಹಾಕುವ ಬದಲು ಹಳೆಯ ಬಾಕಿಯನ್ನು ಇಳಿಸುವುದೇ ಲೇಸು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಸಮಾಧಾನಪಟ್ಟರೆ ಉಳಿದುದಕ್ಕೆ ಬಡ್ಡಿ ಬೆಳೆಯುತ್ತದೆ. ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ವಿಮೆ, ವಿದ್ಯುತ್ ಮುಂತಾಗಿ ಕಾರ್ಡಿನಿಂದ ತಾನಾಗಿಯೇ ಹೋಗುವ ಪಾವತಿಗಳು ನಿಂತುಹೋಗದಂತೆಯೂ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮನೆಯೊಳಗಿನ ಮಾತು. ಬ್ಯಾಂಕಿನ ಸಂದೇಶ ಬಂದ ಸಂಜೆ ಗಂಡ ಹೆಂಡತಿ ಕುಳಿತು, ಬಾಕಿಯೆಷ್ಟು, ಬರುವುದೆಷ್ಟು, ಈ ವರ್ಷದ ಕ್ರಿಸ್‌ಮಸ್ ಖರ್ಚಿನಲ್ಲಿ ಯಾವುದನ್ನು ಬಿಡಬಹುದೆಂದು ಒಂದೇ ಹಾಳೆಯ ಮೇಲೆ ಬರೆಯಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು. ಕಾರ್ಡಿನ ಮಿತಿ ನಮ್ಮ ಹಾಸಿಗೆಯಲ್ಲ; ನೆರೆಮನೆಯಿಂದ ಎರವಲು ತಂದ ಚಾಪೆ. ಅದನ್ನು ಕೇಳಿ ಹಿಂದೆ ಪಡೆದವರ ಮೇಲೆ ಮುನಿಯುವುದಕ್ಕಿಂತ, ನಮ್ಮದೇ ಹಾಸಿಗೆಯ ಉದ್ದವನ್ನು ಅಳೆದುಕೊಳ್ಳುವುದು ವಿವೇಕ.