ಫಾರ್ವರ್ಡ್ ಬಿಡಿ, ಮಾದಲಹಣ್ಣಿನ ಲೆಕ್ಕ ಮಾಡಿ

ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಸಾಕು, 'ಜಗತ್ತಿಗೆ ಗಣಿತ ಕಲಿಸಿದ್ದೇ ನಾವು' ಅನ್ನೋ ಸಂದೇಶ ಕಾದಿರುತ್ತೆ. ಕೊನೆಗೆ 'ಹೆಮ್ಮೆಯಿಂದ ಶೇರ್ ಮಾಡಿ' ಅನ್ನೋ ಅಪ್ಪಣೆ ಬೇರೆ. ಅದೇ ಗ್ರೂಪಿನಲ್ಲಿ 'ಎಲ್ಲಾ ಬುರುಡೆ, ನಮ್ಮಲ್ಲಿ ಏನೂ ಇರಲಿಲ್ಲ' ಅನ್ನೋ ಇನ್ನೊಬ್ಬ ಇರ್ತಾನೆ. ಇಬ್ಬರೂ ಮಧ್ಯಾಹ್ನದವರೆಗೆ ಜಗಳ ಆಡ್ತಾರೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ ನೋಡಿ: ಮಹಾವೀರಾಚಾರ್ಯರ ಒಂದು ಲೆಕ್ಕವನ್ನಾದರೂ ಮಾಡಿದ್ದೀರಾ?

'ಯಾರವರು?' ಅಂತಾರೆ. ನನ್ನ ತಕರಾರು ಇರೋದೇ ಅಲ್ಲಿ.

ನೃಪತುಂಗ ರಸ್ತೆಯ ಟ್ರಾಫಿಕ್ಕಲ್ಲಿ ನಿಂತವರಿಗೆಲ್ಲ ಆ ದೊರೆಯ ಹೆಸರು ಗೊತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಆಸ್ಥಾನದಿಂದ 'ಕವಿರಾಜಮಾರ್ಗ' ಬಂತು ಅಂತ ಹೈಸ್ಕೂಲಲ್ಲೇ ಬಾಯಿಪಾಠ ಮಾಡಿರ್ತೀವಿ. ಅದೇ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತ ಅನ್ನೋದು ಖಗೋಳಶಾಸ್ತ್ರದ ಜೊತೆಗೆ ಬರುತ್ತೆ. ಇದು ಹಾಗಲ್ಲ, ಗಣಿತಕ್ಕೇ ಮೀಸಲಾದ ಪುಸ್ತಕ. ಬಡ್ಡಿ, ಚಿನ್ನದ ಬೆರಕೆ, ಹೊಲದ ಅಳತೆ, ಹಣ್ಣಿನ ವ್ಯಾಪಾರ ಎಲ್ಲ ಇದೆ.

ಒಂದು ಸ್ಯಾಂಪಲ್ ತಗೊಳ್ಳಿ. 9 ಮಾದಲಹಣ್ಣು, 7 ಬೇಲದಹಣ್ಣಿಗೆ ಒಟ್ಟು ಬೆಲೆ 107. 7 ಮಾದಲಹಣ್ಣು, 9 ಬೇಲದಹಣ್ಣಿಗೆ 101. ಒಂದೊಂದರ ಬೆಲೆ ಎಷ್ಟು? ಎಕ್ಸೆಲ್ ತೆಗೀಬೇಡಿ. ಎರಡನ್ನೂ ಕೂಡಿದರೆ 16 ಜೋಡಿಗೆ 208, ಅಂದರೆ ಜೋಡಿಗೆ 13. ಒಂದರಿಂದ ಇನ್ನೊಂದು ಕಳೆದರೆ ಮಾದಲಕ್ಕೆ 3 ಹೆಚ್ಚು ಅಂತ ಗೊತ್ತಾಗುತ್ತೆ. ಮಾದಲ 8, ಬೇಲ 5. ಮುಗೀತು.

ಪಿಯುಸಿಯಲ್ಲಿ ಎನ್‌ಸಿಆರ್ ಸೂತ್ರ ಉರು ಹೊಡೆದಿದ್ದು ನೆನಪಿದೆಯಾ? ಆರು ರುಚಿಗಳಲ್ಲಿ ಮೂರು ಮೂರು ಸೇರಿಸಿದರೆ ಎಷ್ಟು ಬಗೆ? 6, 5, 4 ಗುಣಿಸಿ, 1, 2, 3ರ ಗುಣಲಬ್ಧದಿಂದ ಭಾಗಿಸಿ: 20. ಎಷ್ಟೇ ವಸ್ತುವಿದ್ದರೂ ನಡೆಯೋ ಈ ನಿಯಮ ಮಹಾವೀರರಲ್ಲಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಹೇಳಿದ್ದಾರೆ.

ಈಗ ಫಾರ್ವರ್ಡ್ ವೀರರು ಮುಚ್ಚಿಡೋ ವಿಷಯಕ್ಕೆ ಬರೋಣ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತ ಆಚಾರ್ಯರು ಬರೆದರು. ಅದು ತಪ್ಪು. ನಮ್ಮ ಕೋಡಲ್ಲಿ ಹಾಗೆ ಬರೆದರೆ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತೆ.

'ನೋಡಿದ್ರಾ, ಏನೂ ಗೊತ್ತಿರಲಿಲ್ಲ' ಅಂತ ಎರಡನೇ ಗುಂಪು ಕುಣಿಯೋ ಮುಂಚೆ ಪೂರ್ತಿ ಕೇಳಿ. 628ರಲ್ಲಿ ಬ್ರಹ್ಮಗುಪ್ತರು ಅದನ್ನು ಸೊನ್ನೆ ಛೇದದ ಭಿನ್ನರಾಶಿಯಾಗಿಯೇ ಬಿಟ್ಟಿದ್ದರು. ಮಹಾವೀರರು ಬೇರೆ ಉತ್ತರ ಕೊಟ್ಟರು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದನ್ನು 'ಖಹರ' ಅಂತ ಕರೆದು, ಅನಂತ ಅಂದರು. ಅದೂ ಕೊನೆಯ ಮಾತಲ್ಲ. ಇವತ್ತಿನ ಅಂಕಗಣಿತ ಅಂಥ ಭಾಗಾಕಾರಕ್ಕೆ ಅರ್ಥವನ್ನೇ ಕೊಡಲ್ಲ. ಐನೂರು ವರ್ಷ ಒಂದೇ ಬಗ್ಗಿನ ಮೇಲೆ ಮೂವರು ಘಟಾನುಘಟಿಗಳು ತಲೆ ಕೆಡಿಸಿಕೊಂಡಿದ್ದಾರೆ. ಇದಕ್ಕಿಂತ ಒಳ್ಳೆ ಗಣಿತದ ಪಾಠ ಇನ್ನೇನು ಬೇಕು?

ನಾನು ಓದಿದಂಥ ಹಳ್ಳಿ ಶಾಲೆಗಳಲ್ಲಿ ಲೆಕ್ಕ ತಪ್ಪಿದರೆ ಬೆತ್ತದ ಏಟು. ಗಣಿತ ಅನ್ನೋದು ಎಲ್ಲೋ ಮೇಲಿಂದ ಪೂರ್ತಿ ಸರಿಯಾಗಿ ಇಳಿದು ಬಂದಿದ್ದು, ತಪ್ಪೋದು ನಮ್ಮಂಥ ದಡ್ಡರು ಮಾತ್ರ ಅಂತ ಮಕ್ಕಳು ನಂಬಿಬಿಡ್ತಾರೆ. 'ನಮ್ಮ ಋಷಿಗಳಿಗೆ ಎಲ್ಲಾ ಗೊತ್ತಿತ್ತು' ಅನ್ನೋ ಫಾರ್ವರ್ಡು ಅದೇ ಭಯಕ್ಕೆ ಚಿನ್ನದ ಕಟ್ಟು ಹಾಕುತ್ತೆ ಅಷ್ಟೇ. ಮಳಖೇಡದ ದೊರೆ ಮೆಚ್ಚಿದ ಆಚಾರ್ಯರೂ ಸೊನ್ನೆಯ ಹತ್ತಿರ ಎಡವಿದರು ಅಂತ ಗೊತ್ತಾದರೆ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಪ್ರಶ್ನೆ ಕೇಳಿಯಾಳು. ಆಚಾರ್ಯರ ಗೌರವ ಇದರಿಂದ ಕೂದಲೆಳೆಯಷ್ಟೂ ಕಮ್ಮಿಯಾಗಲ್ಲ.

ಪುಸ್ತಕ ಸಿಗಲ್ಲ ಅನ್ನೋ ನೆಪವೂ ಬೇಡ. 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಬಂತು. ನಮ್ಮ ನೆಲದ ಪುಸ್ತಕ ನಮ್ಮ ಭಾಷೆಯಲ್ಲೇ ಇದೆ, ಓದೋರು ಬೇಕಷ್ಟೇ.

ಮುಂದಿನ ಸಲ ಆ ಹೆಮ್ಮೆಯ ಮೆಸೇಜ್ ಬಂದರೆ ಜಗಳ ಆಡಬೇಡಿ, ಡಿಲೀಟೂ ಮಾಡಬೇಡಿ. 152207ನ್ನು 73ರಿಂದ ಗುಣಿಸಿ ಅಂತ ವಾಪಸ್ ಕಳಿಸಿ. ಇದೂ ಆಚಾರ್ಯರದ್ದೇ ಲೆಕ್ಕ. ಉತ್ತರ ಹೇಳಲ್ಲ. ಪೆನ್ನು ತಗೊಳ್ಳಿ, ಮಾಡಿ, ನೋಡಿ.